ಡೆಪ್ಯುಟೇಶನ್ ಮೇಲಿನ ಡಿಫೆಂಡರ್

ಯಾವುದೇ ಆಫೀಸಿನ ಗ್ರೂಪ್ ಫೋಟೋ ತೆಗೆದು ನೋಡಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಕೈಯಿಟ್ಟು ಕೂತವರು ಒಂದು ಥರದವರು. ಅವರ ಹಿಂದೆ ನಿಂತು, ಯಾರದೋ ಹೆಗಲ ಸಂದಿಯಿಂದ ಒಂದು ಕಣ್ಣು, ಅರ್ಧ ಮೀಸೆ ತೋರಿಸುವವರು ಇನ್ನೊಂದು ಥರದವರು. ನಾನು ಎರಡನೆಯ ಥರದವನು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ಪೂರ್ತಿ ಮುಖ ಇರುವುದು ಐಡಿ ಕಾರ್ಡಿನಲ್ಲಿ ಮಾತ್ರ, ಅದೂ ಬೆವರು ತಾಗಿ ಅಳಿಸುತ್ತ ಬಂದಿದೆ. ಇದನ್ನು ದುಃಖದಿಂದ ಹೇಳುತ್ತಿಲ್ಲ. ಹಿಂದೆ ನಿಲ್ಲುವುದರಲ್ಲಿ ಒಂದು ಸುಖವಿದೆ. ಬೈಗುಳವೆಲ್ಲ ಮುಂದಿನ ಸಾಲಿಗೇ ಖರ್ಚಾಗಿಹೋಗುತ್ತದೆ. ಆದರೆ ಹಿಂದೆ ನಿಲ್ಲುವುದೂ ಒಂದು ಹುದ್ದೆ, ಅದಕ್ಕೆ ಡಿಫೆಂಡರ್ ಎಂಬ ಹೆಸರಿದೆ, ಇಂಗ್ಲೆಂಡಿನಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ ಎಂದು ನನಗೆ ಗೊತ್ತಾದದ್ದು ಹೋದ ಚಳಿಗಾಲದಲ್ಲಿ, ತಾಂಡೂರಿನಿಂದ ಜಹೀರಾಬಾದಿಗೆ ಬರುವ ಬಸ್ಸಿನಲ್ಲಿ.

ಆ ಬಸ್ಸಿನಲ್ಲಿ ನಾನೇಕೆ ಇದ್ದೆ ಎಂಬುದನ್ನು ಮೊದಲು ಹೇಳಬೇಕು. ನಮ್ಮದು ಗಡಿಯಾಚೆ, ಹೈದರಾಬಾದಿನ ಕೈಕೆಳಗಿನ ಒಂದು ಸರ್ಕಾರಿ ಇಲಾಖೆ. ಯಾವುದು ಎಂದು ಕೇಳಬೇಡಿ, ಯಾವುದಾದರೂ ನಡೆಯುತ್ತದೆ. ನನ್ನ ಪೋಸ್ಟು ಇರುವುದು ನಾರಾಯಣಖೇಡದಲ್ಲಿ. ಆರು ವರ್ಷದ ಹಿಂದೆ ತಾಂಡೂರು ಆಫೀಸಿನಲ್ಲಿ ಒಬ್ಬ ಹೆಣ್ಣುಮಗಳು ಹೆರಿಗೆ ರಜೆಗೆ ಹೋದಳೆಂದು ನನ್ನನ್ನು ಮೂರು ತಿಂಗಳ ಮಟ್ಟಿಗೆ ಡೆಪ್ಯುಟೇಶನ್ ಮೇಲೆ ಅಲ್ಲಿಗೆ ಕಳಿಸಿದರು. ಆ ಕೂಸು ಈಗ ಒಂದನೇ ಕ್ಲಾಸಿಗೆ ಹೋಗುತ್ತಿದೆ. ತಾಯಿ ಬಡ್ತಿ ಪಡೆದು ಹೈದರಾಬಾದು ಸೇರಿದ್ದಾಳೆ. ನಾನು ಮಾತ್ರ ಇನ್ನೂ ಅವಳ ಹೆರಿಗೆ ರಜೆಯನ್ನು ತುಂಬಿಕೊಡುತ್ತಿದ್ದೇನೆ. ಒಟ್ಟಿನಲ್ಲಿ ಸಂಬಳ ನಾರಾಯಣಖೇಡದಿಂದ, ಕೆಲಸ ತಾಂಡೂರಿನಲ್ಲಿ, ಹೆಂಡತಿ ಜಹೀರಾಬಾದಿನಲ್ಲಿ. ನನ್ನ ಹೆಂಡತಿ ಸುವರ್ಣಾ ಅಲ್ಲೇ ಒಂದು ಶಾಲೆಯಲ್ಲಿ ಟೀಚರು, ಅವಳನ್ನು ಕಿತ್ತು ತರುವಂತಿಲ್ಲ. ಹೀಗಾಗಿ ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವ ಸಂಸಾರ ನಮ್ಮದು. ಮನೆಯಲ್ಲಿ ನನ್ನ ಟವೆಲಿನ ಗೂಟಕ್ಕೆ ಛತ್ರಿ ಬಂದು ಸೇರಿಕೊಂಡಿದೆ. ನನ್ನ ಕುರ್ಚಿಯ ಮೇಲೆ ಜೋಳದ ಹಿಟ್ಟಿನ ಡಬ್ಬಿ ಕೂತಿದೆ. ನಾನು ಬಂದಾಗ ಅದನ್ನು ಎತ್ತಿಡುತ್ತಾಳೆ, ಆದರೆ ಎತ್ತುವಾಗ ಡಬ್ಬಿಯ ಮೇಲಿನ ಕನಿಕರಕ್ಕೇ ಮುಖ ಸಣ್ಣದು ಮಾಡುತ್ತಾಳೆ ಎಂದು ನನ್ನ ಅನುಮಾನ.

"ನನಗ ಬ್ಯಾಸರ ಆಗ್ಯಾದ್ರಿ," ಎಂದು ಒಂದು ಭಾನುವಾರ ರೊಟ್ಟಿ ಬಡಿಯುತ್ತ ಹೇಳಿದಳು. "ವಾರಕ್ಕೊಮ್ಮೆ ಬೀಗರು ಬಂದಂಗ ಬರ್ತೀರಿ. ನಾ ಏನರ ಹೇಳಬೇಕು ಅನ್ನೋದ್ರಾಗ ನಿಮ್ಮ ಬಸ್ ಬಂದಿರ್ತದ. ಸಾಹೇಬರನ್ನ ಒಮ್ಮೆ ಕೇಳಾಕ ಏನಾಗ್ಯಾದ ನಿಮಗ?" ನನಗೆ ಏನೂ ಆಗಿರಲಿಲ್ಲ, ಹೆದರಿಕೆ ಅಷ್ಟೇ. ಜಹೀರಾಬಾದಿಗೆ ಹಾಕಿಕೊಡಿ ಎಂಬ ಅರ್ಜಿಯನ್ನು ನಾನು ಆರು ಸಲ ಬರೆದು, ಆರು ಸಲವೂ ಶರ್ಟಿನ ಜೇಬಿನಲ್ಲೇ ಇಟ್ಟು ಒಗೆಯಲು ಹಾಕಿದ್ದೆ. ಸುವರ್ಣಾ ಕಾಲರ್ ತಿಕ್ಕುವ ಮೊದಲು ಆ ಮುದ್ದೆಯನ್ನು ತೆಗೆದು ಕಿಟಕಿಯಲ್ಲಿ ಒಣಗಿಸುತ್ತಿದ್ದಳು.

ಇಂಥ ಹೊತ್ತಿನಲ್ಲಿ ನಮ್ಮ ವಿಭಾಗಕ್ಕೆ ಹೊಸ ಸಾಹೇಬರು ಬಂದರು. ಕಾಲೇಜಿನಲ್ಲಿದ್ದಾಗ ಫುಟ್‌ಬಾಲ್ ಆಡಿದವರು. ವರ್ಷಕ್ಕೊಮ್ಮೆ ನಡೆಯುವ ನೌಕರರ ಆಟೋಟದಲ್ಲಿ ಅಲ್ಲಿಯತನಕ ವಾಲಿಬಾಲು, ಚೆಸ್ಸು, ಹೆಂಗಸರಿಗೆ ಮ್ಯೂಸಿಕಲ್ ಚೇರು ಇರುತ್ತಿದ್ದವು. ಸಾಹೇಬರು ಫುಟ್‌ಬಾಲ್ ಸೇರಿಸಿದರು. ಆಫೀಸರುಗಳದೊಂದು ತಂಡ, ಸ್ಟಾಫಿನದೊಂದು ತಂಡ. ನೋಟಿಸು ಬಂತು. ನನ್ನ ಹೆಸರಿನ ಮುಂದೆ 'ಡಿಫೆಂಡರ್' ಎಂದಿತ್ತು. ಅದೇನೆಂದು ತಿಳಿಯೋಣ ಎಂದು ಬಸ್ಸಿನಲ್ಲಿ ಮೊಬೈಲು ತೆಗೆದು ಹುಡುಕಿದೆ. ಮೊದಲು ಅದೇ ಹೆಸರಿನ ಒಂದು ಮೋಟಾರು ಗಾಡಿ ಬಂತು. ಆಮೇಲೆ ಇಂಗ್ಲೆಂಡಿನ ಒಬ್ಬ ಮನುಷ್ಯ ಬಂದ.

ಅವನ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಅವನ ಓಣಿಯವರಿಗೆ ಗೊತ್ತಿದ್ದರೆ ಹೆಚ್ಚು. ಫೋಟೋದಲ್ಲಿ ಅವನೂ ಹಿಂದಿನ ಸಾಲಿನಲ್ಲಿದ್ದ, ಬೇರೆ ಯಾರದೋ ಕಿವಿಯ ಪಕ್ಕದಲ್ಲಿ. ಅಲ್ಲಿಗೆ ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಓದುತ್ತ ಹೋದ ಹಾಗೆ ಇದು ಫುಟ್‌ಬಾಲಿನವನ ಚರಿತ್ರೆಯೋ ನನ್ನದೇ ಸರ್ವಿಸ್ ಬುಕ್ಕೋ ಎಂದು ಗೊಂದಲವಾಯಿತು. ಎರಡೂ ಕೈಯ ಬೆರಳು ಸಾಲದಷ್ಟು ಕ್ಲಬ್ಬುಗಳಲ್ಲಿ ಆಡಿದ್ದಾನೆ, ಆದರೆ ಒಂದೂ ಪೂರ್ತಿ ಅವನದಲ್ಲ. ಒಂದು ಕ್ಲಬ್ಬು ಅವನನ್ನು ಇಟ್ಟುಕೊಂಡು ಇನ್ನೊಂದಕ್ಕೆ ಕಡ ಕೊಡುತ್ತದೆ, ನಾವು ಮದುವೆಮನೆಗೆ ದೊಡ್ಡ ಪಾತೇಲಿ ಕೊಟ್ಟ ಹಾಗೆ. ಪಾತೇಲಿ ತಳ ಕಪ್ಪಾಗಿ, ಒಂದು ಕಡೆ ನೆಗ್ಗಿ ವಾಪಸ್ಸು ಬರುತ್ತದೆ. ಇವನು ಮೊಣಕಾಲು ಊದಿಸಿಕೊಂಡು ವಾಪಸ್ಸು ಬರುತ್ತಾನೆ. ಒಂದು ಸಲವಂತೂ ದೊಡ್ಡ ಕ್ಲಬ್ಬೊಂದು ಅವನನ್ನು ಸೇರಿಸಿಕೊಂಡು, ಅಂಗಿ ಕೈಗೆ ಕೊಟ್ಟು, ಫೋಟೋ ತೆಗೆಸಿ, ಅದೇ ದಿನ ಬೇರೆ ಊರಿಗೆ ಕಳಿಸಿಬಿಟ್ಟಿದೆ. ಆ ಮೈದಾನದ ಹುಲ್ಲನ್ನು ಅವನು ತುಳಿದದ್ದೇ ಇಲ್ಲ. ನಮ್ಮ ದೇಶವನ್ನು ಅಷ್ಟು ವರ್ಷ ಆಳಿದವರು ಹೋಗುವಾಗ ಡೆಪ್ಯುಟೇಶನ್ ಪದ್ಧತಿಯನ್ನು ನಮಗೆ ಬಿಟ್ಟುಹೋದರು ಎಂದುಕೊಂಡಿದ್ದೆ. ಇಲ್ಲ, ಒಂದು ಪ್ರತಿ ತಮಗೂ ಇಟ್ಟುಕೊಂಡಿದ್ದಾರೆ.

ಆದರೆ ಅವನಿಗೆ ಒಂದು ಭಾಗ್ಯವಿತ್ತು. ಯಾವುದೋ ಕ್ಲಬ್ಬಿನ ಮ್ಯಾನೇಜರಿಗೆ ಇವನೆಂದರೆ ಬಹಳ ವಿಶ್ವಾಸ. ಆ ಮ್ಯಾನೇಜರು ಎಲ್ಲಿಗೆ ಬದಲಾದರೂ ಮೊದಲು ಇವನನ್ನು ಕರೆಸಿಕೊಳ್ಳುತ್ತಿದ್ದ. ಹೀಗೆ ಮೂರು ನಾಲ್ಕು ಊರು. ಓದಿ ನನಗೆ ಕಣ್ಣು ತುಂಬಿಬಂತು. ನಮ್ಮ ಇಲಾಖೆಯಲ್ಲಿ ಸಾಹೇಬರು ಬದಲಾದರೆ ಜೊತೆಗೆ ಒಯ್ಯುವುದು ಸ್ಟೆಬಿಲೈಜರನ್ನು. ಮನೆಗೆ ಬಂದವನೇ ಸುವರ್ಣಾಗೆ ಇದನ್ನೆಲ್ಲ ವಿವರವಾಗಿ ಹೇಳಿದೆ. "ಹಂಗ ಕೈ ಹಿಡಿದು ಜೋಡಿ ಕರಕೊಂಡು ಹೋಗೋ ಸಾಹೇಬ ಸಿಗಬೇಕು ನೋಡು," ಎಂದೆ.

ಅವಳು ಹಿಟ್ಟಿನ ಡಬ್ಬಿ ಎತ್ತಿಟ್ಟು ಕೇಳಿದಳು: "ಅಂವನ ಹೆಂಡ್ತಿ ಎಲ್ಲಿ ಇರ್ತಾಳ್ರಿ?"

ಹೆಂಗಸರಿಗೆ ಆಟದ ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡು ರೊಟ್ಟಿಗೆ ಕೈ ಹಾಕಿದೆ.

ಆಟೋಟ ಜಹೀರಾಬಾದಿನಲ್ಲೇ ನಡೆಯಿತು. ನಮ್ಮ ಇಲಾಖೆಯ ಆಟಗಳಿಗೆ ಒಂದು ಸಂಪ್ರದಾಯವಿದೆ. ಎಲ್ಲೂ ಬರೆದಿಟ್ಟಿಲ್ಲ, ಆದರೆ ಅಟೆಂಡರಿನಿಂದ ಹಿಡಿದು ಎಲ್ಲರಿಗೂ ಬಾಯಿಪಾಠ. ವಾಲಿಬಾಲಿನಲ್ಲಿ ಸಾಹೇಬರು ಹೊಡೆದ ಚೆಂಡನ್ನು ಎತ್ತಬಾರದು. ಚೆಸ್ಸಿನಲ್ಲಿ ಸ್ಟಾಫಿನ ರಾಣಿ ಮೊದಲ ಹತ್ತು ನಿಮಿಷದಲ್ಲಿ ತೀರಿಕೊಳ್ಳಬೇಕು. ಆಟ ಮುಗಿದು ಸಮೋಸಾ ಚಹಾ ಬಂದಾಗ ಗೆದ್ದ ಸಾಹೇಬರ ಮನಸ್ಸು ಹಸನಾಗಿರುತ್ತದೆ, ಆವಾಗ ಅರ್ಜಿಗಳನ್ನು ಹೊರಗೆ ತೆಗೆಯಬೇಕು. ವರ್ಷದ ಅರ್ಧ ವರ್ಗಾವಣೆಗಳು ನಮ್ಮಲ್ಲಿ ಸಮೋಸಾದ ಎಣ್ಣೆ ಹತ್ತಿಸಿಕೊಂಡೇ ಹುಟ್ಟಿದಂಥವು. ನಾನೂ ಏಳನೆಯ ಅರ್ಜಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡಿದ್ದೆ. ನಮ್ಮ ಗೋಲ್‌ಕೀಪರು ತಾಂಡೂರು ಆಫೀಸಿನ ಸೂಪರಿಂಟೆಂಡೆಂಟ್ ಜಬ್ಬಾರ್ ಸಾಬರು. "ಶರಣಪ್ಪ, ಸಾಹೇಬರು ಬಂದ್ರ ಬಾಜೂಕ ಸರಿ. ನಾನೂ ಸರೀತೀನಿ. ಮೂರು ಗೋಲು ಆದ್ರ ನಿನ್ನ ಕಾಮ್ ಆದಂಗೇ," ಎಂದರು.

ಆಟ ಶುರುವಾಯಿತು. ನಮ್ಮ ತಂಡದವರು ಚೆಂಡು ಸಿಕ್ಕ ಕೂಡಲೇ ಅದನ್ನು ಬಹಳ ವಿನಯದಿಂದ ಸಾಹೇಬರ ಕಾಲಿಗೆ ತಲುಪಿಸಿದರು. ಸಾಹೇಬರು ಹೊಟ್ಟೆಯನ್ನು ಮುಂದಿಟ್ಟುಕೊಂಡು ನನ್ನ ಕಡೆ ಬಂದರು. ಜಬ್ಬಾರ್ ಸಾಬರು ಗೋಲಿನ ಬಿದಿರು ಹಿಡಿದು ಪಕ್ಕಕ್ಕೆ ಸರಿದು, ಬೀಗರಿಗೆ ಬಾಗಿಲು ತೆಗೆದವರಂತೆ ನಿಂತರು. ನಾನೂ ಎಡಕ್ಕೆ ಸರಿದೆ. ದುರ್ದೈವ, ಸಾಹೇಬರಿಗೆ ನೇರ ಒದೆಯಲು ಬರುತ್ತಿರಲಿಲ್ಲ. ಚೆಂಡು ಎಡಕ್ಕೇ ಬಂದು ನನ್ನ ಎದೆಗೆ ಬಡಿದು ವಾಪಸ್ಸು ಹೋಯಿತು. ಎರಡನೆಯ ಸಲ ಬುದ್ಧಿ ಉಪಯೋಗಿಸಿ, ಅವರು ಎಡಕ್ಕೇ ಒದೆಯುತ್ತಾರೆಂದು ಬಲಕ್ಕೆ ಓಡಿದೆ. ಚೆಂಡೂ ನನ್ನ ಹಿಂದೆಯೇ ಓಡಿಬಂದು ಬೆನ್ನಿಗೆ ಬಿತ್ತು. ಮೂರನೆಯ ಸಲ ಏನಾದರಾಗಲಿ ಎಂದು ಕಣ್ಣು ಮುಚ್ಚಿ ನಿಂತಲ್ಲೇ ನಿಂತುಬಿಟ್ಟೆ. ಈ ಸಲ ಮೊಣಕಾಲು. ಅಲ್ಲೇ ಕೂತೆ. ಹೀಗೆ ಇಡೀ ಆಟದಲ್ಲಿ ನಾನು ತಪ್ಪಿಸಿಕೊಳ್ಳಲು ಎಲ್ಲೆಲ್ಲಿ ಹೋದೆನೋ ಅಲ್ಲಲ್ಲೇ ಸಾಹೇಬರ ಚೆಂಡು ಬಂತು. ಅತ್ತ ಸಾಹೇಬರ ಗೋಲಿನ ಕಡೆಗೆ ಹೋಗುವ ಧೈರ್ಯ ನಮ್ಮವರಲ್ಲಿ ಒಬ್ಬರಿಗೂ ಇರಲಿಲ್ಲ. ಸೊನ್ನೆಗೆ ಸೊನ್ನೆ ಆಟ ಮುಗಿಯಿತು. ಜಬ್ಬಾರ್ ಸಾಬರು ನನ್ನ ಮೊಣಕಾಲಿಗೆ ನೀರು ಹಾಕುತ್ತ, "ಆತು ಶರಣಪ್ಪ, ನಿಂದು ಖತಂ," ಎಂದರು.

ಸಮೋಸಾ ಬಂತು. ನಾನು ಟೆಂಟಿನ ಹಿಂದೆ ಕುಂಟುತ್ತ ಹೋಗಿ ನಿಂತೆ. ಸಾಹೇಬರು ಬೆವರು ಒರೆಸಿಕೊಳ್ಳುತ್ತ ಅಲ್ಲಿಗೇ ಬಂದರು. ತೆಲುಗಿನಲ್ಲಿ ಅವರು ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತೇನೆ: "ಹತ್ತು ವರ್ಷದಿಂದ ಯಾವ ಊರಿಗೆ ಹೋದರೂ ನಾನೇ ಗೆಲ್ಲುತ್ತೇನೆ. ಚೆಂಡು ಮುಟ್ಟಿದರೆ ಗೋಲು. ನನಗೇ ನಾಚಿಕೆ ಆಗುತ್ತಿತ್ತು. ಇವತ್ತು ಒಬ್ಬ ಮನುಷ್ಯ ನನ್ನ ಜೊತೆ ನಿಜವಾಗಿ ಆಡಿದ. ಅದು ನೀನು." ಹೀಗೆಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯ ಭಾರಕ್ಕೆ ನನಗೆ ಇಂಗ್ಲೆಂಡಿನವನ, ಅವನ ಮ್ಯಾನೇಜರಿನ ನೆನಪಾಯಿತು. ಇಲ್ಲ ಸರ್, ನಾನು ತಪ್ಪಿಸಿಕೊಳ್ಳುತ್ತಿದ್ದೆ ಎಂದು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಎದೆ ಸ್ವಲ್ಪ ಮುಂದೆ ಮಾಡಿ, "ಡ್ಯೂಟಿ ಸರ್," ಎಂದು ಅರ್ಜಿ ಕೈಗಿಟ್ಟೆ. ಅವರು ಓದಿ ಮಡಚಿ ಜೇಬಿಗೆ ಹಾಕಿಕೊಂಡು, "ನಿನ್ನನ್ನು ನಾನು ಮರೆಯುವುದಿಲ್ಲ," ಎಂದರು.

ಮರೆಯಲಿಲ್ಲ. ಒಂದೂವರೆ ತಿಂಗಳಿಗೆ ಆರ್ಡರು ಮೊಬೈಲಿಗೆ ಬಂತು. ಶ್ರೀ ಶರಣಪ್ಪ ಅವರನ್ನು ಅವರ ಕೋರಿಕೆಯ ಮೇರೆಗೆ ಜಹೀರಾಬಾದಿಗೆ ವರ್ಗಾಯಿಸಿದೆ. ಅಷ್ಟು ಓದಿ ಸುವರ್ಣಾಗೆ ಫೋನು ಮಾಡಿಬಿಟ್ಟೆ. ಸರ್ಕಾರಿ ಆರ್ಡರಿನಲ್ಲಿ ಮೊದಲ ಪ್ಯಾರಾ ಮರ್ಯಾದೆಗೆ, ಎರಡನೆಯದು ವಿಷಯಕ್ಕೆ ಎಂದು ಹೊಸಬರಿಗೆ ಪಾಠ ಹೇಳುವವನು ನಾನು. ಅವತ್ತು ಆ ಪಾಠ ನನಗೇ ಮರೆತುಹೋಯಿತು. "ಖರೇ ಏನ್ರಿ?" ಎಂದಳು ಸುವರ್ಣಾ. ನಾನು ಊರಿಗೆ ಬರುವುದರೊಳಗೆ ಗೂಟದಿಂದ ಛತ್ರಿ ಹೋಗಿತ್ತು, ಹೊಸ ಟವೆಲು ನೇತಾಡುತ್ತಿತ್ತು. ಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೇರಿಸಿದ್ದಳು. ಶೇಂಗಾ ಹೋಳಿಗೆ ಮಾಡಿದ್ದಳು.

ಸೋಮವಾರ ಆಫೀಸಿಗೆ ನಡೆದುಕೊಂಡು ಹೋದೆ. ಏಳು ನಿಮಿಷದ ದಾರಿಯಲ್ಲಿ ಎದುರಿಗೆ ಸಿಕ್ಕವರೆಲ್ಲರಿಗೂ ನಮಸ್ಕಾರ ಮಾಡಿದೆ, ಕೆಲವರು ಗುರುತು ಸಿಗದೆ ಗಾಬರಿಯಾದರು. ಆಫೀಸಿನ ಬೋರ್ಡಿನ ಮುಂದೆ ನಿಂತು ಅಟೆಂಡರಿನಿಂದ ಫೋಟೋ ತೆಗೆಸಿಕೊಂಡೆ. ಮುಂದೆ ಯಾರೂ ಇಲ್ಲ, ಪೂರ್ತಿ ಮುಖ. ಒಳಗೆ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಚಹಾ ಕುಡಿದು, ಯಾವ ಟೇಬಲ್ಲು ಎಂದು ಕೇಳಿದೆ. ಅಲ್ಲಿಯ ಹೆಡ್ ಕ್ಲರ್ಕು ಕನ್ನಡಕ ತೆಗೆದು ನನ್ನನ್ನು ನೋಡಿ, "ಎರಡನೇ ಪ್ಯಾರಾ ಓದಿಲ್ಲೇನ್ರಿ ನೀವು?" ಎಂದರು.

ಎರಡನೆಯ ಪ್ಯಾರಾದಲ್ಲಿ ಹೀಗಿತ್ತು: ನಮ್ಮ ಸಾಹೇಬರನ್ನು ಕಂಗ್ಟಿಗೆ ಹಾಕಿದ್ದಾರೆ. ಅಲ್ಲಿ ಹೊಸ ಆಫೀಸು ತೆರೆಯಬೇಕು. ಅದಕ್ಕೆ ಅತ್ಯಂತ ನಂಬಿಗಸ್ತ ನೌಕರನೊಬ್ಬ ಬೇಕೆಂದು ಸಾಹೇಬರು ಸ್ವತಃ ಹೆಸರು ಹೇಳಿ ಕೇಳಿರುವುದರಿಂದ, ಶ್ರೀ ಶರಣಪ್ಪ ಅವರು ಜಹೀರಾಬಾದಿನಲ್ಲಿ ಹಾಜರಾದ ದಿನವೇ ಡೆಪ್ಯುಟೇಶನ್ ಮೇಲೆ ಕಂಗ್ಟಿಗೆ ಹೊರಡತಕ್ಕದ್ದು. ಕಂಗ್ಟಿ ಎಂದರೆ ನಾರಾಯಣಖೇಡದಿಂದಲೂ ಆಚೆ, ಬೀದರಿನ ಗಡಿಯ ಕಡೆ. ಜಹೀರಾಬಾದಿನಲ್ಲಿ ನನ್ನ ನೌಕರಿ ಎರಡೂವರೆ ತಾಸು ನಡೆಯಿತು.

ಮನೆಗೆ ಬಂದು ಚೀಲ ತುಂಬಿಕೊಳ್ಳುತ್ತ ಸುವರ್ಣಾಗೆ ಸಮಾಧಾನ ಹೇಳಿದೆ. ಇದು ಒಂದು ಗೌರವ. ಸಾಹೇಬರು ಸ್ಟೆಬಿಲೈಜರ್ ಬಿಟ್ಟು ನನ್ನನ್ನು ಕರೆಸಿಕೊಂಡಿದ್ದಾರೆ. ಇಂಗ್ಲೆಂಡಿನವನಿಗೂ ಹೀಗೇ ಆಗಿತ್ತು, ಅವನೇನು ಬೇಜಾರು ಮಾಡಿಕೊಂಡನೇ? ಹೇಳುತ್ತಲೇ ಮೊಬೈಲು ತೆಗೆದು ಅವನ ಪುಟವನ್ನು ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೂ ನೋಡಿದೆ. ಯಾವ ಊರಲ್ಲಿ ಎಷ್ಟು ಆಟ, ಯಾವ ಮೊಣಕಾಲಿಗೆ ಆಪರೇಷನ್ನು, ಎಲ್ಲಾ ಬರೆದಿದ್ದರು. ಅವನ ಹೆಂಡತಿ ಎಲ್ಲಿರುತ್ತಿದ್ದಳು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಸುವರ್ಣಾ ಗೂಟದಿಂದ ಹೊಸ ಟವೆಲು ತೆಗೆದು, ಮಡಚಿ, ನನ್ನ ಚೀಲದಲ್ಲಿಟ್ಟಳು. ಛತ್ರಿಯನ್ನು ಮತ್ತೆ ಗೂಟಕ್ಕೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಕೇಳಿದಳು: "ಇಪ್ಪತ್ತೆರಡು ವರ್ಷ ನೌಕರಿ ಮಾಡೀರಿ. ಒಂದು ಗೋಲು ಬಿಟ್ಟುಕೊಡಾಕ ಬರಲಿಲ್ಲೇನ್ರಿ ನಿಮಗ?"

ಸಾಹೇಬರ ಚೆಂಡುಗಳನ್ನೆಲ್ಲ ತಡೆದವನು ನಾನು. ಇದೊಂದು ನೇರವಾಗಿ ಒಳಗೆ ಹೋಯಿತು.