ಒಳಗಿನ ಕಂಪ್ಯೂಟರಿನ ಮೊದಲ ಮಾತು

"ಹತ್ತು ಸಾಲಿನ ಕೆಲಸ ಸರ್, ಮುಗೀತು ಅನ್ಕೊಳ್ರಿ!" ಎಂದು ಪ್ರಿನ್ಸಿಪಾಲರಿಗೆ ಮಾತು ಕೊಟ್ಟವನು ನಾನೇ.

ಲಿಂಗಸುಗೂರಿನ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಇನ್ನೊಂದು ಕಂಪ್ಯೂಟರ್ ಕಟ್ಟಬಹುದು. ಹೊರಗಿನದೂ ಒಳಗಿನದೂ ಮಾತಾಡಿಕೊಳ್ಳಲು ನಡುವೆ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಬೇಕು. ನಮ್ಮ ಡ್ರೈವರಿನಲ್ಲಿ ಲೂಪ್‌ಬ್ಯಾಕ್ ಇರಲಿಲ್ಲ. ಅಂದರೆ, ಕಂಪ್ಯೂಟರ್ ತನಗೆ ತಾನೇ ಸಂದೇಶ ಕಳಿಸಿಕೊಂಡು ಪರೀಕ್ಷೆ ಮಾಡಲು ಬರುತ್ತಿರಲಿಲ್ಲ. ಆ ಕೊರತೆ ನೀಗಿಸುವ ಮಹತ್ಕಾರ್ಯಕ್ಕೆ ಟೊಂಕ ಕಟ್ಟಿದೆ.

ಸಿಂಧನೂರಿನ ಮನೆಯಲ್ಲಿ ಬರೆದು ಮುಗಿಸಿದೆ. 'ನಮಸ್ಕಾರ' ಎಂದು ಕಳಿಸಿದೆ. 'ನಮಸ್ಕಾರ' ತಿರುಗಿ ಬಂತು! ಕುಣಿದಾಡಿಬಿಟ್ಟೆ.

ಮರುದಿನ ಕಾಲೇಜಿನಲ್ಲಿ ಪ್ರದರ್ಶನ. ಅದೇ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಹೆಂಡತಿ ಶಾಹೀನ್, ಬಸ್ಸು ಮಸ್ಕಿ ದಾಟುವಾಗ ಕೇಳಿದಳು: "ಒಳಗಿನ ಮಷೀನಿಗೂ ಕಳಿಸಿ ನೋಡೀರೇನ್ರೀ?"

"ತನ್ನ ಜೋಡಿ ತಾನ ಮಾತಾಡಾಕತ್ತೈತಿ. ಇನ್ನೊಬ್ಬರ ಜೋಡಿ ಮಾತಾಡಂಗಿಲ್ಲೇನು?" ಎಂದು ಗದರಿದೆ.

ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಕಿಕ್ಕಿರಿದಿದ್ದರು. ಒಳಗಿನ ಕಂಪ್ಯೂಟರಿಗೆ ಗಂಭೀರವಾಗಿ ಬರೆದೆ: 'ಪ್ರಿನ್ಸಿಪಾಲರಿಗೆ ಸ್ವಾಗತ.'

'ಪ್ರಿನ್ಸಿಪಾಲರಿಗೆ ಸ್ವಾಗತ' ಎಂದಿತು ಪರದೆ.

"ಭೇಷ್! ಬಾಳ ಸಂಸ್ಕಾರ ಐತಿ ಇದಕ್ಕ!" ಪ್ರಿನ್ಸಿಪಾಲರು ಎದ್ದೇ ನಿಂತರು.

ಉಬ್ಬಿಹೋದ ನಾನು ಬರೆದೆ: 'ಡ್ರೈವರ್ ಅದ್ಭುತವಾಗಿದೆ.'

'ಡ್ರೈವರ್ ಅದ್ಭುತವಾಗಿದೆ' ಎಂದು ಅದೂ ಒಪ್ಪಿತು. ನಾನು ವಿನಯದಿಂದ ತಲೆ ಬಾಗಿಸಿದೆ.

ಶಾಹೀನ್ ಮೆಲ್ಲಗೆ ಮುಂದೆ ಬಂದಳು. "ರೀ, ಒಳಗಿನ ಮಷೀನ್ ಇನ್ನೂ ಚಾಲೂನೇ ಮಾಡಿಲ್ಲಲ್ರೀ!"

ಬರೆದ ಪ್ರೋಗ್ರಾಂ ತೆರೆದು ನೋಡಿದೆ. ವಿಳಾಸ ತನ್ನದಾಗಿದ್ದರೆ ಮಾತ್ರ ಸಂದೇಶ ತಿರುಗಿಸಬೇಕು ಎಂಬ ಷರತ್ತು ಬರೆಯುವುದನ್ನೇ ಮರೆತಿದ್ದೆ. ಯಾರಿಗೆ ಕಳಿಸಿದರೂ ನನಗೇ ವಾಪಸ್ಸು! ಅಷ್ಟು ಹೊತ್ತೂ ತುಂಬಿದ ಸಭೆಯಲ್ಲಿ ನನ್ನನ್ನು ನಾನೇ ಹೊಗಳಿಕೊಂಡಿದ್ದೆ.

"ಅಂದ್ರ ನನಗ ಸ್ವಾಗತ ಕೋರಿದ್ದು ಯಾರ್ರೀ?" ಎಂದರು ಪ್ರಿನ್ಸಿಪಾಲರು.

"ನಾನ ಸರ್. ಎರಡು ಸಲ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹಿಂದೆ ಇಡೀ ಲ್ಯಾಬ್ ನಕ್ಕಿತು. ನಗು ತಡೆಯಲಾಗದೆ ನಾನೂ ನಕ್ಕು, ಮರೆತಿದ್ದ ಆ ಒಂದು ಸಾಲು ಸೇರಿಸಿದೆ. ಶಾಹೀನ್ ಒಳಗಿನ ಕಂಪ್ಯೂಟರ್ ಚಾಲೂ ಮಾಡಿದಳು. ಲೂಪ್‌ಬ್ಯಾಕ್ ಸರಿಯಾಗಿ ನಡೆಯಿತು. ಕೊನೆಗೆ ಒಳಗಿನದಕ್ಕೆ ನನ್ನ ಸಾಧನೆಯನ್ನು ನಾಲ್ಕು ಸಾಲುಗಳಲ್ಲಿ ವಿವರಿಸಿ ಕಳಿಸಿದೆ.

ಎಲ್ಲರೂ ಪರದೆಯತ್ತ ಬಗ್ಗಿದರು. ಅದು ತನ್ನ ಸ್ವಂತ ಬುದ್ಧಿಯಿಂದ ಮೊಟ್ಟಮೊದಲ ಉತ್ತರ ಕೊಟ್ಟಿತು: 'ಅರ್ಥವಾಗಲಿಲ್ಲ.'

ಹಿಂದಿನ ಬೆಂಚಿನ ವಿದ್ಯಾರ್ಥಿಗಳಿಂದ ಭಾರೀ ಚಪ್ಪಾಳೆ! ನನ್ನ ಪಾಠದ ಬಗ್ಗೆ ಅವರು ವರ್ಷವಿಡೀ ಹೇಳಲಾರದೆ ನುಂಗಿಕೊಂಡಿದ್ದನ್ನು ಯಂತ್ರವೊಂದು ಒಂದೇ ಮಾತಿನಲ್ಲಿ ಹೇಳಿತ್ತು.