ಗೋಡೆ ಅರಳಿ ಹಾಗೂ ಹಗ್ಗದ ನೌಕರಿ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹಳೆ ಕಡತಗಳ ಸ್ಥಳಾಂತರ ಕಚೇರಿಯ ಹೊರಗೋಡೆಯಲ್ಲಿ, ಮೂರನೇ ಅಂತಸ್ತಿನ ಕಿಟಕಿಗೂ ತಾರಸಿಗೂ ನಡುವೆ, ಒಂದು ಅರಳಿ ಗಿಡ ಬೆಳೆದಿತ್ತು. ಅದು ಹುಟ್ಟಿದ್ದನ್ನು ಪಾರಿವಾಳಗಳು ಆಗಲೇ ಗಮನಿಸಿದ್ದವು. ಕಚೇರಿಯ ಗಮನಕ್ಕೆ ಬಂದದ್ದು ಗಿಡವು ಅಧೀಕ್ಷಕರಾದ ಬಸವರಾಜು ಅವರಿಗಿಂತ ಎತ್ತರವಾದ ಮೇಲೆ. ಇದರಲ್ಲಿ ಸಿಬ್ಬಂದಿಯ ತಪ್ಪೇನೂ ಇಲ್ಲ. ಕೆಳಗಿನ ಕಡತಗಳನ್ನು ಮೇಲಕ್ಕೆ ಸಾಗಿಸುವುದು, ಮೇಲೆ ಜಾಗ ಸಾಲದಾದಾಗ ಕೆಳಕ್ಕೆ ತರುವುದು ಆ ಕಚೇರಿಯ ಕೆಲಸ. ಹೊತ್ತುಕೊಂಡು ಓಡಾಡುವವರು ತಲೆ ತಗ್ಗಿಸಿಯೇ ನಡೆಯುತ್ತಾರೆ.

ಒಂದು ಬೆಳಿಗ್ಗೆ ಗೋಡೆಯ ಗಾರೆಯ ಚೂರೊಂದು ಬಸವರಾಜು ಅವರ ಕಾರಿನ ಮೇಲೆ ಬಿತ್ತು. ಅದಕ್ಕೂ ಮೊದಲು ದಾರಿಹೋಕರ ಮೇಲೆ ಚೂರುಗಳು ಬಿದ್ದಿದ್ದವು, ಆದರೆ ಅವು ಅಧಿಕೃತವಾಗಿ ಬಿದ್ದಿರಲಿಲ್ಲ. ಬಸವರಾಜು ಅವರು ಹೊರಗೆ ಬಂದು ಮೇಲೆ ನೋಡಿ, ಗಿಡವನ್ನು ಕೂಡಲೇ ಕಡಿಸತಕ್ಕದ್ದು ಎಂದು ಆದೇಶಿಸಿದರು. ಕಚೇರಿಯ ಏಣಿ ಎರಡನೇ ಅಂತಸ್ತಿನವರೆಗೆ ಮಾತ್ರ ತಲುಪುತ್ತಿತ್ತು. ಕಟ್ಟಡ ಮಹಾರಾಜರ ಕಾಲದ್ದಾದ್ದರಿಂದ ಗೋಡೆಗೆ ಮೊಳೆ ಹೊಡೆದು ಅಟ್ಟಣೆ ಕಟ್ಟುವಂತಿರಲಿಲ್ಲ. ಹೀಗಾಗಿ ಹಗ್ಗ ಹಿಡಿದು ಇಳಿಯುವವರನ್ನು ಕರೆಸಬೇಕಾಯಿತು. ಬಂದವಳು ಕೆಸರೆಯ ಹರ್ಷಿತಾ.

ಹರ್ಷಿತಾ ಬಂಡೆ ಹತ್ತುವುದರಲ್ಲಿ ರಾಜ್ಯಮಟ್ಟದ ಪದಕ ಗಳಿಸಿದವಳು. ಪದಕ ಬಂದಾಗ ಸನ್ಮಾನ ಮಾಡಿದವರು, ‘ನೀನು ಇನ್ನೂ ಎತ್ತರಕ್ಕೆ ಏರಬೇಕು’ ಎಂದು ಹರಸಿ ಶಾಲು ಹೊದಿಸಿದ್ದರು. ಅದರಂತೆ ಅವಳು ಮಾಲಿನ ಗಾಜು ಒರೆಸಲು, ಜವಳಿ ಅಂಗಡಿಗಳ ಬೋರ್ಡು ಕಟ್ಟಲು, ಅಪಾರ್ಟ್‌ಮೆಂಟುಗಳ ಹೆಜ್ಜೇನು ತೆಗೆಯಲು ಏರುತ್ತಿದ್ದಳು. ಭಾನುವಾರ ಮಾತ್ರ ಕುಂತಿ ಬೆಟ್ಟದ ಬಂಡೆಗಳಿಗೆ ಹೋಗುತ್ತಿದ್ದಳು. ಅಲ್ಲಿ ತುದಿ ಮುಟ್ಟಿದ ಮೇಲೆ ಒರೆಸುವಂಥದ್ದು ಏನೂ ಇರಲಿಲ್ಲ, ಅವಳಿಗೆ ಇಷ್ಟವಾಗಿದ್ದದ್ದು ಅದೇ.

ಈ ಉದ್ಯೋಗದಿಂದ ಅವಳ ತಾಯಿ ಪ್ರೇಮಮ್ಮನಿಗೆ ಬೀದಿಯಲ್ಲಿ ಬಹಳ ತೊಂದರೆಯಾಗಿತ್ತು.

“ನಿನ್ ಮಗ್ಳು ಏನ್ ಮಾಡ್ತಾವ್ಳೆ ಪ್ರೇಮಮ್ಮ?” ಎಂದು ಯಾರಾದರೂ ಕೇಳಿದರೆ, “ಅತ್ತಾಳೆ ಕಣವ್ವ” ಎನ್ನುತ್ತಿದ್ದರು.

“ಅಯ್ಯೋ, ಯಾಕವ್ವಾ ಅಳ್ತಾಳೆ? ಗಂಡಿನ ಕಡೆಯೋರು ಏನಾರ ಅಂದ್ರಾ?”

“ಅಳೋದಲ್ಲ ಕಣವ್ವ, ಬಂಡೆ ಅತ್ತೋದು!”

ಕೇಳಿದವರು ಅಳುವುದಕ್ಕಿಂತ ಇದೇ ಹೆಚ್ಚು ಗಂಭೀರವಾದ ವಿಷಯವೆಂದು ತಿಳಿದು ಮಾತು ಬದಲಿಸುತ್ತಿದ್ದರು. ಮಗಳಿಗೆ ಯಾವುದಾದರೂ ಖಾಯಂ ನೌಕರಿ ಸಿಗಲಿ, ನೆಲದ ಮೇಲೆ ಸಿಕ್ಕರೆ ಇನ್ನೂ ಒಳ್ಳೆಯದು ಎಂಬುದು ಪ್ರೇಮಮ್ಮನ ಆಸೆಯಾಗಿತ್ತು.

ಹರ್ಷಿತಾ ತಾರಸಿಯಿಂದ ಹಗ್ಗ ಬಿಟ್ಟು ಇಳಿದು, ಗಿಡದ ಬುಡಕ್ಕೆ ಗರಗಸ ಇಟ್ಟಳು. ಆಗ ಪಕ್ಕದ ಕಿಟಕಿ ತೆರೆಯಿತು. ಅದು ಹಿರಿಯ ಗುಮಾಸ್ತೆ ಅಂಬುಜಮ್ಮನವರ ಕಿಟಕಿ.

“ಏ ಹುಡುಗಿ, ನಿಲ್ಸು! ಅದು ಅರಳಿ ಕಣಮ್ಮ!”

“ಗೊತ್ತು ಮೇಡಂ. ಕಡಿಯೋಕೇ ಕರೆಸಿರೋದು.”

“ಕಡಿದು ನೀನು ಮನೆಗೆ ಹೋಗ್ತೀಯ. ಪಾಪ ಸುತ್ಕೊಳ್ಳೋದು ಈ ಕಿಟಕಿ ಹತ್ರ ಕೂರೋಳಿಗೆ. ನನಗೆ ಮೊದಲೇ ಬೀದರಿಗೆ ವರ್ಗ ಆಗಿದೆ. ಇದೂ ಒಂದು ಬೇರೆ ಬೇಕಾ?”

ಅಂಬುಜಮ್ಮನವರು ಕೆಳಗಿಳಿದು ಬಂದು, ಇದು ಗಿಡವಲ್ಲ, ಮರ ಎಂದು ತಕರಾರು ಎತ್ತಿದರು. ಗಿಡವಾದರೆ ಅಧೀಕ್ಷಕರೇ ಕಡಿಸಬಹುದು, ಮರವಾದರೆ ಮೇಲಿನವರ ಅನುಮತಿ ಬೇಕು. ತೀರ್ಮಾನಕ್ಕಾಗಿ ಎಂಜಿನಿಯರ್ ಲಕ್ಷ್ಮೀನರಸಿಂಹ ಅವರನ್ನು ಕರೆಸಲಾಯಿತು. ಮರದ ಸುತ್ತಳತೆಯನ್ನು ನೆಲದಿಂದ ಎದೆಮಟ್ಟದಲ್ಲಿ ತೆಗೆಯತಕ್ಕದ್ದು ಎಂಬುದು ನಿಯಮ. ಲಕ್ಷ್ಮೀನರಸಿಂಹ ನಿಯಮ ಮೀರುವವರಲ್ಲ. ಅವರು ನೆಲದ ಮೇಲೆ ನಿಂತು, ತಮ್ಮ ಎದೆಮಟ್ಟಕ್ಕೆ ಟೇಪು ಹಿಡಿದು, ಅಲ್ಲಿ ಸಿಕ್ಕಿದ್ದರ ಸುತ್ತಳತೆ ತೆಗೆದರು. ಕಚೇರಿಯ ಮುಂಬಾಗಿಲು, ಜೆರಾಕ್ಸ್ ಅಂಗಡಿ ಮತ್ತು ಒಂದು ಟ್ರಾನ್ಸ್‌ಫಾರ್ಮರ್ ಅದರಲ್ಲಿ ಸೇರಿದವು. ಸದರಿ ಅರಳಿಯು ಜಿಲ್ಲೆಯಲ್ಲಿ ಇದುವರೆಗೆ ದಾಖಲಾದ ಮರಗಳಲ್ಲೆಲ್ಲ ಅತಿ ದೊಡ್ಡದೆಂದು ತಿಳಿದುಬಂತು. ಅಂಥ ಮರವನ್ನು ಕಡಿಯುವ ಅನುಮತಿ ಬೆಂಗಳೂರಿನಿಂದಲೇ ಬರಬೇಕು.

ಹರ್ಷಿತಾ ಹಗ್ಗ ಸುತ್ತಿಕೊಂಡು ಹೊರಟಳು. ಬಸವರಾಜು ಅವರು ತಡೆದರು.

“ಎಲ್ಲಿಗಮ್ಮಾ? ಬೇಸಿಗೆ ಬಂತು. ಅದಕ್ಕೆ ನೀರು ಹಾಕೋರು ಯಾರು?”

“ಸಾರ್, ನಾನು ಕಡಿಯೋಕೆ ಬಂದೋಳು.”

“ಕಡಿಯೋ ತನಕ ಬದುಕಿರಬೇಕಲ್ಲಮ್ಮಾ. ನಾಳೆ ಅನುಮತಿ ಬಂದಾಗ ಮರ ಒಣಗಿಹೋಗಿದ್ರೆ ಉತ್ತರ ಹೇಳ್ಬೇಕಾದೋನು ನಾನು.”

ಹೀಗೆ ಹರ್ಷಿತಾ ತಾತ್ಕಾಲಿಕ ಮೇಲ್ಮರ ಪಾಲಕಿಯಾದಳು. ದಿನವೂ ಬೆಳಿಗ್ಗೆ ಸೊಂಟಕ್ಕೆ ಬಕೆಟ್ಟು ಕಟ್ಟಿಕೊಂಡು ಇಳಿದು, ಕಡಿಯಬೇಕಾದ ಮರಕ್ಕೆ ನೀರು ಹಾಕತೊಡಗಿದಳು. ಮರ ಚೆನ್ನಾಗಿ ಚಿಗುರಿತು.

ಅದೇ ವಾರ ಅಂಬುಜಮ್ಮನವರು ಅವಳ ಕೈಯಲ್ಲಿ ಅರಿಸಿನದ ದಾರ ಕೊಟ್ಟು ಮರಕ್ಕೆ ಕಟ್ಟಿಸಿದ್ದರು. ಮುಂದಿನ ವಾರ ಅವರ ಬೀದರಿನ ವರ್ಗಾವಣೆ ರದ್ದಾಯಿತು. ಅದಕ್ಕಾಗಿ ಅವರು ಬೇರೆ ಕಡೆಯೂ ಪ್ರಯತ್ನ ಮಾಡಿದ್ದರು, ಆದರೆ ಕೃತಜ್ಞತೆಯನ್ನು ಬಹಿರಂಗವಾಗಿ ಸಲ್ಲಿಸಲು ಮರವೇ ಅನುಕೂಲವಾಗಿತ್ತು. ಸುದ್ದಿ ಹಬ್ಬಿತು. ನಗರದ ನಾನಾ ಇಲಾಖೆಗಳ ನೌಕರರು ದಾರ ಹಿಡಿದು ಬರಲಾರಂಭಿಸಿದರು. ನೂಕುನುಗ್ಗಲಾದ್ದರಿಂದ ಕಚೇರಿ ಒಂದು ಫಲಕ ಹಾಕಿಸಿತು:

‘ಪ್ರಕಟಣೆ: ಭಕ್ತಾದಿಗಳು ಕಚೇರಿ ವೇಳೆಯಲ್ಲಿ ಮಾತ್ರ ಹರಕೆ ಹೊರತಕ್ಕದ್ದು. ವರ್ಗಾವಣೆ ಕೋರುವವರು ಕೆಂಪು ದಾರವನ್ನೂ, ವರ್ಗಾವಣೆ ರದ್ದು ಕೋರುವವರು ಹಳದಿ ದಾರವನ್ನೂ ಸಲ್ಲಿಸತಕ್ಕದ್ದು. ಒಂದೇ ಸ್ಥಳಕ್ಕೆ ಇಬ್ಬರು ಹರಕೆ ಹೊತ್ತಲ್ಲಿ ಸೇವಾ ಹಿರಿತನವನ್ನು ಪರಿಗಣಿಸಲಾಗುವುದು. ಉದುರಿದ ಗಾರೆಯು ಕಚೇರಿಯ ಸ್ವತ್ತು.’

ಪೂಜೆಗೆ ಒಬ್ಬ ಪುರೋಹಿತರು ಗೊತ್ತಾದರು. ಅವರಿಗೆ ಹಗ್ಗ ಆಗದು. ಅವರು ಕೆಳಗೆ ಕುರ್ಚಿಯಲ್ಲಿ ಕೂತು ಮೈಕಿನಲ್ಲಿ ಮಂತ್ರ ಹೇಳುತ್ತಿದ್ದರು, ಹರ್ಷಿತಾ ಮೇಲೆ ತೂಗಾಡುತ್ತ ಅರಿಸಿನ ಕುಂಕುಮ ಹಚ್ಚುತ್ತಿದ್ದಳು. ಮೇಲೆ ಪೂಜೆ ಮಾಡುವ ಹುಡುಗಿ ಯಾವ ಜನ ಎಂಬ ಪ್ರಶ್ನೆ ಒಮ್ಮೆ ಎದ್ದಿತು. ಹರ್ಷಿತಾ ಹಗ್ಗವನ್ನು ಕೇಳಿದವರ ಮುಂದೆ ಹಿಡಿದು, ತಾವೇ ಹತ್ತಬಹುದು ಎಂದ ಮೇಲೆ ಆ ಪ್ರಶ್ನೆ ಮತ್ತೆ ಏಳಲಿಲ್ಲ.

ಪ್ರದಕ್ಷಿಣೆಯದು ಇನ್ನೊಂದು ತೊಡಕು. ಗೋಡೆಯಲ್ಲಿರುವ ಮರವನ್ನು ಸುತ್ತಬೇಕಾದರೆ ಇಡೀ ಕಟ್ಟಡವನ್ನು ಸುತ್ತಬೇಕು. ಕಟ್ಟಡದ ಸುತ್ತಲಿನ ರಸ್ತೆ ಏಕಮುಖ ಸಂಚಾರದ್ದು, ಅದೂ ಅಪ್ರದಕ್ಷಿಣವಾಗಿ. ಬಲಕ್ಕೆ ಸುತ್ತುವ ಹೆಂಗಸರಿಗೆ ಈರುಳ್ಳಿ ಲಾರಿಗಳು ಎದುರಾಗುತ್ತಿದ್ದವು. ಮನವಿಗಳನ್ನು ಪರಿಶೀಲಿಸಿ ಸಂಚಾರದ ದಿಕ್ಕನ್ನು ಬದಲಿಸಲಾಯಿತು. ಅಂದಿನಿಂದ ಮಂಡಿಗೆ ಬರುವ ಲಾರಿಗಳು ಪ್ರದಕ್ಷಿಣೆ ಹಾಕಿಯೇ ಸರಕು ಇಳಿಸುತ್ತವೆ.

ಈ ನಡುವೆ ಗೋಡೆ ಬಿರುಕು ಬಿಡತೊಡಗಿತು. ಅಂಬುಜಮ್ಮನವರು ಮೊದಲು ಅದರ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿದರು, ಆಮೇಲೆ ಒಂದು ಭೂಪಟ ತೂಗುಹಾಕಿದರು. ಹರ್ಷಿತಾ ದಿನವೂ ಹೊರಗಿನಿಂದ ಅದನ್ನು ನೋಡುತ್ತಿದ್ದಳು. ಬಂಡೆಯಾಗಿದ್ದರೆ ಅಂಥ ಬಿರುಕಿನಲ್ಲಿ ಕೈ ತೂರಿಸಿ ಹಿಡಿತ ಹುಡುಕುತ್ತಿದ್ದಳು. ಒಂದು ದಿನ ಅಭ್ಯಾಸಬಲದಿಂದ ತೂರಿಸಿದಳು. ಒಳಗಿನಿಂದ ಫ್ಯಾನಿನ ಗಾಳಿ ಬೀಸಿತು. ಇಳಿದವಳೇ ಲಕ್ಷ್ಮೀನರಸಿಂಹ ಅವರನ್ನು ಹುಡುಕಿಕೊಂಡು ಹೋದಳು.

“ಸಾರ್, ಬೇರು ಗೋಡೆ ಒಳಕ್ಕೆ ಹೋಗ್ಬುಟ್ಟಿದೆ. ಬಿರುಕಲ್ಲಿ ನನ್ನ ಕೈ ಹಿಡಿಯುತ್ತೆ.”

“ಗೊತ್ತಮ್ಮ. ಮೊದಲ ದಿನಾನೇ ಗೊತ್ತಿತ್ತು.”

“ಹಂಗಾದ್ರೆ ವರದಿ ಬರೀರಿ ಸಾರ್.”

“ಬರ್ದಿದೀನಿ. ಮರದಿಂದ ಕಟ್ಟಡಕ್ಕೆ ಅಪಾಯ ಅಂತ ಬರೆದ್ರೆ ಮರ ಕಡೀಬೇಕಾಗುತ್ತೆ. ಅದನ್ನ ಕಡಿಯೋಹಾಗಿಲ್ಲ. ಅದಕ್ಕೇ ಕಟ್ಟಡದಿಂದ ಮರಕ್ಕೆ ಅಪಾಯ ಅಂತ ಬರ್ದಿದೀನಿ.”

ಅವರು ಇದನ್ನು ಸಂಕಟದಿಂದಲೇ ಹೇಳಿದರು. ಆಮೇಲೆ ಅವಳಿಗೆ ಕಾಫಿ ತರಿಸಿಕೊಟ್ಟರು.

ಗಾರೆ ಈಗ ದಿನವೂ ಉದುರುತ್ತಿತ್ತು. ಭಕ್ತರು ಅದಕ್ಕೆ ಅರ್ಥ ಕಂಡುಕೊಂಡರು. ದೇವರ ಬಲಗಡೆಯಿಂದ ಹೂವು ಬಿದ್ದರೆ ಕೆಲಸವಾಗುತ್ತದೆ ಎಂಬಂತೆ, ಮರದ ಬಲಗಡೆಯಿಂದ ಗಾರೆ ಬಿದ್ದರೆ ಆಯಿತು, ಎಡಗಡೆಯಿಂದ ಬಿದ್ದರೆ ಇಲ್ಲ. ಜನ ಪ್ರಶ್ನೆ ಕೇಳಿಕೊಂಡು ಗೋಡೆಯ ಕೆಳಗೆ ಕೈಮುಗಿದು ನಿಲ್ಲುತ್ತಿದ್ದರು. ಹರ್ಷಿತಾ ಮೇಲಿನಿಂದ, “ದೂರ ಹೋಗ್ರೀ! ತಲೆ ಮೇಲೆ ಬೀಳ್ತದೆ!” ಎಂದು ಕೂಗುತ್ತಿದ್ದಳು. ಅದನ್ನು ಅವರು ಮಂತ್ರದ ಜೊತೆ ಸೇರಿಸಿ ಕೇಳಿಸಿಕೊಳ್ಳುತ್ತಿದ್ದರು.

ಒಂದು ಶುಕ್ರವಾರ ಇಟ್ಟಿಗೆ ಗಾತ್ರದ ಗಾರೆಯೊಂದು ಕಳಚಿ ಒಬ್ಬ ಹೆಂಗಸಿನ ಭುಜದ ಮೇಲೆ ಬಿತ್ತು. ಜನ “ಬಲಗಡೆ! ಬಲಗಡೆ!” ಎಂದು ಸಂತೋಷದಿಂದ ಕೂಗಿದರು. ಹರ್ಷಿತಾ ಸರ್ರನೆ ಕೆಳಗಿಳಿದು ನೋಡಿದರೆ, ಬಿದ್ದಿದ್ದವರು ಪ್ರೇಮಮ್ಮ. ಮಗಳಿಗೆ ಹೇಳದೆ ಅವರು ಹಲವು ಶುಕ್ರವಾರಗಳಿಂದ ಬಂದು ಸುತ್ತು ಹಾಕುತ್ತಿದ್ದರು.

ಆಸ್ಪತ್ರೆಯಲ್ಲಿ ಭುಜಕ್ಕೆ ಪಟ್ಟಿ ಹಾಕಿದರು. ಹರ್ಷಿತಾ ಮಂಚದ ಪಕ್ಕ ಕೂತು ಅತ್ತಳು.

“ಸುಮ್ನಿರೆ,” ಎಂದರು ಪ್ರೇಮಮ್ಮ. ನೋವಿನಲ್ಲೂ ಅವರ ಮುಖ ಬೆಳಗಿತ್ತು. “ಬಲಗಡೆಯಿಂದಾನೇ ಬಿತ್ತು ಕಣೆ. ನಿನ್ ಕೆಲ್ಸ ಕಾಯಂ ಆಯ್ತದೆ.”

“ತಲೆ ಮೇಲೆ ಬಿದ್ದಿದ್ರೆ ಏನವ್ವಾ ಮಾಡ್ತಿದ್ದೆ?”

“ಬೀಳ್ನಿಲ್ವಲ್ಲ. ಅದ್ಕೇ ಅಲ್ವಾ ದೇವ್ರು ಅನ್ನೋದು?”

ಮರುದಿನ ಹರ್ಷಿತಾ ಬಕೆಟ್ಟಿನ ಬದಲು ಗರಗಸ ಕಟ್ಟಿಕೊಂಡು ಇಳಿದಳು. ಯಾರನ್ನೂ ಕೇಳಲಿಲ್ಲ. ಬುಡಕ್ಕೆ ಗರಗಸ ಹಾಕಿ ಎಳೆಯತೊಡಗಿದಳು. ಬಿಳಿಯ ಹಾಲು ಒಸರಿತು. ಕೆಳಗೆ ಜನ ಅದನ್ನು ವಿಶೇಷ ಸೇವೆಯೆಂದು ತಿಳಿದು ಕೈಮುಗಿದರು. ಲಕ್ಷ್ಮೀನರಸಿಂಹ ಅವರಿಗೆ ಮಾತ್ರ ಅರ್ಥವಾಯಿತು. ಅವರು ಮೆಟ್ಟಿಲು ಹತ್ತಿ ಓಡಿ ಬಂದು, ಅಂಬುಜಮ್ಮನವರ ಕಿಟಕಿಯಿಂದ ಅರ್ಧ ಮೈ ಹೊರಹಾಕಿದರು.

“ಬೇಡಮ್ಮಾ! ಕೈಮುಗಿತೀನಿ, ನಿಲ್ಸು!”

“ನಿಮಗೂ ಪಾಪದ ಭಯಾನಾ ಸಾರ್?”

“ಪಾಪ ಅಲ್ಲಮ್ಮಾ. ಇಷ್ಟು ದಿನ ಬೇರು ಗೋಡೆ ಒಡೀತಾ ಇತ್ತು. ಈಗ ಗೋಡೇನ ಹಿಡ್ಕೊಂಡಿರೋದೇ ಆ ಬೇರು. ಮರ ಸತ್ತು ಬೇರು ಕೊಳೆತರೆ ಈ ಮೂಲೆ ಪೂರ್ತಿ ರಸ್ತೆಗೆ ಬೀಳುತ್ತೆ. ಒಳಗೆ ಅಂಬುಜಮ್ಮ ಇದಾರೆ.”

ಒಳಗಿನಿಂದ ಅಂಬುಜಮ್ಮನವರು, “ಇದೀನಿ ಕಣಮ್ಮ” ಎಂದರು.

ಹರ್ಷಿತಾ ಗರಗಸ ಎಳೆಯುವುದನ್ನು ನಿಲ್ಲಿಸಿದಳು. ಮೊದಲ ದಿನ ಇದೇ ಗರಗಸಕ್ಕೆ ಇನ್ನೊಂದು ಸ್ವಲ್ಪ ಹೊತ್ತು ಸಿಕ್ಕಿದ್ದರೆ ಸಾಕಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿ, ಕೊಯ್ದ ಜಾಗಕ್ಕೆ ಅರಿಸಿನ ಮೆತ್ತಿ, ದಾರಗಳಿಂದ ಬಿಗಿಯಾಗಿ ಕಟ್ಟಿದಳು. ಕೆಳಗೆ ಮಂಗಳಾರತಿ ಆಯಿತು.

ಅದಾದ ಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಕಟ್ಟಡದಿಂದ ಮರಕ್ಕಿರುವ ಅಪಾಯವನ್ನು ಪರಿಶೀಲಿಸಲು ಬಂದ ಸಮಿತಿ, ಕಚೇರಿಯ ಕಡತಗಳ ಭಾರದಿಂದ ಮರಕ್ಕೆ ತೊಂದರೆಯಾಗುತ್ತಿದೆ ಎಂದು ಕಂಡುಕೊಂಡಿತು. ಕಚೇರಿಯನ್ನು ಕಡಕೊಳದ ಒಂದು ಶೆಡ್ಡಿಗೆ ಕಳಿಸಲಾಯಿತು. ಶೆಡ್ಡಿಗೆ ಒಂದೇ ಅಂತಸ್ತು ಇರುವುದರಿಂದ ಕಡತಗಳನ್ನು ಸದ್ಯಕ್ಕೆ ಪೂರ್ವದಿಂದ ಪಶ್ಚಿಮಕ್ಕೆ ಸಾಗಿಸಲಾಗುತ್ತಿದೆ. ಅಂಬುಜಮ್ಮನವರು ದಿನವೂ ಕಡಕೊಳಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಬೀದರಿಗಿಂತ ಹತ್ತಿರ ಎನ್ನುತ್ತಾರೆ.

ಹರ್ಷಿತಾಳ ನೌಕರಿ ಖಾಯಮಾಯಿತು. ಆದೇಶವನ್ನು ಬಸವರಾಜು ಅವರೇ ತಂದುಕೊಟ್ಟು, “ನೋಡಮ್ಮಾ, ಬಂಡೆ ಹತ್ತೋರಿಗೆ ಸರ್ಕಾರಿ ಕೆಲಸ ಕೊಡಿಸಿದ್ದು ಇಡೀ ದೇಶದಲ್ಲಿ ನಾವೇ ಮೊದಲಿರಬೇಕು” ಎಂದರು. ಭಾನುವಾರ ಭಕ್ತರ ಸಂಖ್ಯೆ ಹೆಚ್ಚಾದ್ದರಿಂದ ಅವಳಿಗೆ ಭಾನುವಾರ ರಜೆಯಿಲ್ಲ. ಮಂಗಳವಾರ ಒಮ್ಮೆ ಒಬ್ಬಳೇ ಕುಂತಿ ಬೆಟ್ಟಕ್ಕೆ ಹೋಗಿದ್ದಳು. ತುದಿ ಮುಟ್ಟಿದಾಗ ಕೈ ತಾನೇ ತಾನಾಗಿ ಸೊಂಟದಲ್ಲಿ ಬಕೆಟ್ಟು ಹುಡುಕಿತು. ಆಮೇಲೆ ಹೋಗಲಿಲ್ಲ. ಮದುವೆಯ ಮಾತುಕತೆಗೆ ಬಂದವರ ಮುಂದೆ ಪ್ರೇಮಮ್ಮ, “ಗೌರ್ಮೆಂಟ್ ಕೆಲ್ಸ” ಎಂದಷ್ಟೇ ಹೇಳುತ್ತಾರೆ. ಯಾರೂ ಮುಂದೆ ಕೇಳುವುದಿಲ್ಲ.

ಖಾಲಿಯಾದ ಕಟ್ಟಡವನ್ನು ಏನೆಂದು ಕರೆಯಬೇಕೆಂಬುದು ಉಳಿದಿತ್ತು. ಕಚೇರಿ ಇಲ್ಲದ ಮೇಲೆ ಅದು ಕಚೇರಿಯಲ್ಲ, ಯಾರೂ ವಾಸವಿಲ್ಲದ್ದರಿಂದ ಮನೆಯಲ್ಲ. ಮೇಲೆ ಅರಳಿ ಮರವಿದ್ದು, ಸುತ್ತ ಜನ ಪ್ರದಕ್ಷಿಣೆ ಹಾಕುವುದರಿಂದ, ಕಾಗದಪತ್ರಗಳಲ್ಲಿ ಅದನ್ನು ‘ಅರಳಿಕಟ್ಟೆ, ಮೂರು ಅಂತಸ್ತು’ ಎಂದು ನಮೂದಿಸಲಾಗಿದೆ. ಕಟ್ಟೆಗೆ ಕಿಟಕಿಗಳಿರುವುದು ಸರಿಯಲ್ಲವೆಂದು ಅವುಗಳನ್ನು ಇಟ್ಟಿಗೆಯಿಂದ ಮುಚ್ಚಲಾಗಿದೆ. ಸಂಜೆ ಹೊತ್ತು ಮೊಹಲ್ಲಾದ ಹಿರಿಯರು ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯಲು ತಾರಸಿಯವರೆಗೆ ಮೆಟ್ಟಿಲು ಹತ್ತುತ್ತಾರೆ. ಮಂಡಿನೋವಿನವರಿಗೆ ಅನುಕೂಲವಾಗುವಂತೆ ಕಟ್ಟೆಗೆ ಒಂದು ಲಿಫ್ಟ್ ಹಾಕಿಸಿಕೊಡಬೇಕೆಂದು ಅವರು ಸಲ್ಲಿಸಿರುವ ಮನವಿ ನ್ಯಾಯಯುತವಾಗಿದ್ದು, ಪರಿಶೀಲನೆಯಲ್ಲಿದೆ.