ಕಂಡಿದ್ದಾ, ಅಂದ್ಕಂಡಿದ್ದಾ?

ನಮ್ಮ ಚಿಕ್ಕಮ್ಮನ ಎದುರು ಒಂದು ಚಾಡಿಯನ್ನು ಪೂರ್ತಿ ಹೇಳಿ ಮುಗಿಸಿದವರು ಇಡೀ ಮೊಳಕಾಲ್ಮೂರಿನಲ್ಲಿ ಒಬ್ಬರಿದ್ದರೆ ನನಗೆ ತೋರಿಸಿ!

ತೊಂಬತ್ತರ ದಶಕದ ಕೊನೆಯಲ್ಲಿ ಮಂಡಿನೋವೆಂದು ಚಳ್ಳಕೆರೆಯ ಯೋಗ ಶಿಬಿರಕ್ಕೆ ಹೋದವಳು, ಮಂಡಿನೋವನ್ನು ಹಾಗೇ ವಾಪಸ್ ತಂದಳು, ಜೊತೆಗೆ ವಿವೇಕವನ್ನೂ ತಂದಳು. ಕಣ್ಣು ಕಂಡದ್ದು ಬೇರೆ, ಮನಸ್ಸು ಹೆಣೆದದ್ದು ಬೇರೆ, ಎರಡನ್ನೂ ಬಿಡಿಸಿ ನೋಡುವುದೇ ಯೋಗ ಎಂದು ಅಲ್ಲಿನ ಗುರುಗಳು ಹೇಳಿದ್ದರಂತೆ. ಇನ್ನು ಕೇಳಬೇಕೆ? ನೇಕಾರರ ಮನೆಯವಳು, ಸಿಕ್ಕುಬಿದ್ದ ನೂಲನ್ನು ಬಿಡಿಸದೆ ಬಿಟ್ಟಾಳೆಯೇ!

ಒಮ್ಮೆ ನಮ್ಮವ್ವ ಉರಿಯುತ್ತಾ ಬಂದಳು. "ನೋಡೇ, ಎದುರುಮನೆ ಗಂಗಕ್ಕ ನನ್ನ ನೋಡಿ ಮುಖ ತಿರುಗಿಸ್ಕಂಡು ಹೋದ್ಲು. ಹೊಟ್ಟೆಕಿಚ್ಚು ಅವಳಿಗೆ!"

"ಮುಖ ತಿರುಗಿಸಿದ್ದು ಸರಿ. ಹೊಟ್ಟೆಕಿಚ್ಚು ಕಂಡಿದ್ದಾ ಅಕ್ಕ, ಅಂದ್ಕಂಡಿದ್ದಾ?"

ಅಷ್ಟಕ್ಕೇ ಬಿಡಲಿಲ್ಲ, ಅವ್ವನ ಕೈ ಹಿಡಿದು ಗಂಗಕ್ಕನ ಮನೆಗೇ ಎಳೆದೊಯ್ದಳು. ಪಾಪ, ಗಂಗಕ್ಕ ಹಲ್ಲುನೋವಿನಿಂದ ಊದಿದ ಕೆನ್ನೆ ಹಿಡಿದು ಉಪ್ಪುನೀರು ಮುಕ್ಕಳಿಸುತ್ತಿದ್ದಳು. ಒಳ್ಳೆಯ ಜಗಳವೊಂದು ಕೈತಪ್ಪಿದ ಬೇಸರ ಅವ್ವನಿಗೆ ವಾರವಾದರೂ ಹೋಗಲಿಲ್ಲ.

ಚಿಕ್ಕಪ್ಪನಿಗೂ ವಿನಾಯಿತಿ ಇರಲಿಲ್ಲ. ಊಟಕ್ಕೆ ಕೂತು "ಸಾರು ಚೆನ್ನಾಗೈತೆ" ಎಂದರೆ, "ಕಂಡಿದ್ದಾ, ಅಂದ್ಕಂಡಿದ್ದಾ?" ಅಂತಿದ್ದಳು. ಆತ ಇನ್ನೂ ತುತ್ತನ್ನೇ ಬಾಯಿಗಿಟ್ಟಿರುತ್ತಿರಲಿಲ್ಲ!

ಆಮೇಲೆ ಚಿಕ್ಕಮ್ಮನಿಗೆ ಕಾಯಿಲೆ ಬಂತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು ದೊಡ್ಡಾಸ್ಪತ್ರೆಯವರು. "ಇವತ್ತು ಮುಖ ಕಳೆಕಳೆಯಾಗೈತೆ ಕಣೇ" ಎಂದಳು ಅವ್ವ. ಚಾಪೆಯ ಮೇಲಿಂದ ಅದೇ ಪ್ರಶ್ನೆ ಬಂತು, ಸಣ್ಣ ದನಿಯಲ್ಲಿ. ಅವ್ವ ಹಿತ್ತಲಿಗೆ ಹೋಗಿ ಅತ್ತಳು. ನನಗೆ ಆ ಯೋಗದ ಮೇಲೇ ಸಿಟ್ಟು ಬಂತು. ಸಾಯುವವರ ಮನೆಯಲ್ಲಿ ಒಂದು ಸುಳ್ಳಾದರೂ ಬೇಡವೇ?

ಜೀವಮಾನವೆಲ್ಲ ಮಾರುವುದಕ್ಕೇ ನೇಯ್ದ ಚಿಕ್ಕಪ್ಪ, ಹೆಂಡತಿಗೆಂದು ಒಂದು ರೇಷ್ಮೆ ಸೀರೆ ನೇಯ್ದವನಲ್ಲ. ಈಗ ಅವಳಿಗೆಂದೇ ಒಂದನ್ನು ಮಗ್ಗಕ್ಕೆ ಏರಿಸಿದ್ದ. ಒಂದು ಸಂಜೆ ಮಗ್ಗದ ಗುಂಡಿಯಿಂದ ಎದ್ದು ಬಂದು ಅವಳ ಪಕ್ಕ ಕೂತ.

"ಲೇ, ದೀಪಾವಳಿಗೆ ಇದನ್ನೇ ಉಡ್ತೀಯ ನೀನು."

ಅವಳು ಆ ಪ್ರಶ್ನೆ ಕೇಳಿದರೆ ಈ ಮನುಷ್ಯ ಮತ್ತೆ ಮಗ್ಗದ ಮುಂದೆ ಕೂರಲಾರ ಎಂದು ನಮಗೆ ಗೊತ್ತಿತ್ತು. ಚಿಕ್ಕಮ್ಮ ಆತನ ಮುಖವನ್ನು, ಬೆರಳುಗಳನ್ನು ತುಂಬಾ ಹೊತ್ತು ನೋಡಿದಳು.

"ಸೆರಗು ಉದ್ದ ಇಡ್ರಿ," ಎಂದಳು. "ನಾನು ಎತ್ತರ."

ದೀಪಾವಳಿಗೆ ಮೊದಲೇ ಹೋಗಿಬಿಟ್ಟಳು. ಸೆರಗಿನ ನೇಯ್ಗೆ ಇನ್ನೂ ಬಾಕಿಯಿತ್ತು. ಕರ್ಮ ಮುಗಿದ ಮೇಲೆ ಚಿಕ್ಕಪ್ಪ ಮತ್ತೆ ಗುಂಡಿಗಿಳಿದ. ನೇಯುತ್ತಲೇ ಇದ್ದ, ಸೆರಗು ಬೆಳೆಯುತ್ತಲೇ ಹೋಯಿತು. ಸಾಕು ಬಿಡು ಎನ್ನಲೆಂದೇ ಹೋದೆ. ನಾನು ಪಕ್ಕದಲ್ಲಿ ನಿಂತದ್ದು ಕಂಡು ಆತನೇ ತಲೆಯೆತ್ತಿ ಹೇಳಿದ:

"ಅವಳು ಎತ್ತರ ಅಲ್ವೇನೋ."